ಇಲ್ಲದ ಚೆಂಡಿಗೆ ಗುರಿ: ಪೂಲ್ ಆಟದ ಒಂದು ಪಾಠ



ಈ ಸಂಚಿಕೆಗೆ ಪೂಲ್ ಆಟದ ಬಗ್ಗೆ ಬರೀತೀವಿ ಅಂದಾಗ ಕೆಲವರು ನಕ್ಕರು. ಪೂಲ್ ಅಂದ್ರೆ ಕ್ಲಾಸ್ ಬಂಕ್ ಮಾಡುವವರ ಆಟ, ಅದರಲ್ಲಿ ಕಲಿಯೋಕೆ ಏನಿದೆ ಅನ್ನೋದು ಅವರ ಪ್ರಶ್ನೆ. ಕಲಿಯೋಕೆ ಬಹಳ ಇದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ತ್ರಿಕೋನಮಿತಿ ನಮಗೆ ನಿಜವಾಗಿ ಅರ್ಥ ಆಗಿದ್ದು ಆ ಹಸಿರು ಬಟ್ಟೆಯ ಮೇಜಿನ ಮೇಲೆ. ಒಬ್ಬ ಗೆಳೆಯನನ್ನು ಕಳೆದುಕೊಳ್ಳೋದರಲ್ಲಿದ್ದದ್ದೂ ಅದೇ ಮೇಜಿನ ಮೇಲೆ. ಆದ್ದರಿಂದ ಎರಡನ್ನೂ ಸೇರಿಸಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಪರಿಚಯ. ನಾವು ನಾಲ್ಕು ಜನ. ನಮ್ಮಲ್ಲಿ ಹೆಸರಿಗಿಂತ ಊರು ಹಿಡಿದು ಕರೆಯೋದೇ ಜಾಸ್ತಿ. ಬೆಟಗೇರಿಯವನು ಬೆಟಗೇರಿ, ಅವನ ಮನೆ ಗದಗಿನ ಬಸ್ ಸ್ಟ್ಯಾಂಡಿನಿಂದ ದೂರ ಇಲ್ಲ. ಇನ್ನಿಬ್ಬರು ಹುಡುಗರು ಲಕ್ಷ್ಮೇಶ್ವರ ಮತ್ತು ಮುಂಡರಗಿ. ಶಿರಹಟ್ಟಿ ಹುಡುಗಿ, ನಮ್ಮ ಗುಂಪಿನಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು. ಮುಂಡರಗಿಯವನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಉಳಿದ ಮೂವರು ಇಂಗ್ಲಿಷ್ ಮಾಧ್ಯಮ. ಇದನ್ನ ಯಾಕೆ ಹೇಳ್ತಿದ್ದೇವೆ ಅಂತ ಮುಂದೆ ಗೊತ್ತಾಗುತ್ತೆ.

ನಾವು ತಪ್ಪು ಹೇಳಿಕೊಟ್ಟದ್ದು

ಹೋದ ಸೆಮಿಸ್ಟರ್‌ನಲ್ಲಿ ನಾವು ಹುಡುಗರು ಗದಗಿನ ಒಂದು ಪೂಲ್ ಪಾರ್ಲರಿಗೆ ಹೋಗೋದು ಶುರು ಮಾಡಿದೆವು. ಗಂಟೆಗೆ ಇಷ್ಟು ಅಂತ ಬಾಡಿಗೆ. ನಮ್ಮ ನಿಯಮ ಏನಂದ್ರೆ, ಸೋತವರು ಬಾಡಿಗೆ ಕೊಡಬೇಕು. ಬೆಟಗೇರಿ ಮತ್ತು ಲಕ್ಷ್ಮೇಶ್ವರ ಯೂಟ್ಯೂಬ್ ನೋಡಿ ಸ್ವಲ್ಪ ಕಲಿತಿದ್ದರು. ಮುಂಡರಗಿಗೆ ಕೋಲು ಹಿಡಿಯೋದೇ ಹೊಸದು.

ಅವನು ಮೊದಲ ದಿನವೇ ಕೇಳಿದ, "ಎಲ್ಲಿ ನೋಡಿ ಹೊಡೀಬೇಕಲೇ?" ನಾವು ದೊಡ್ಡ ಗುರುಗಳ ಹಾಗೆ ಹೇಳಿದೆವು: "ಪಾಕೆಟ್‌ನಿಂದ ಚೆಂಡಿನ ನಡುವಿಗೆ ಒಂದು ಗೆರೆ ಎಳಿ. ಆ ಗೆರೆ ಚೆಂಡಿನ ಹಿಂಬದಿಯಲ್ಲಿ ಎಲ್ಲಿ ಹೊರಗೆ ಬರುತ್ತೋ ಆ ಬಿಂದುವಿಗೆ ಬಿಳಿ ಚೆಂಡು ಹೊಡಿ." ಕೇಳೋಕೆ ಸರಿ ಅನಿಸುತ್ತೆ ಅಲ್ವಾ? ಅದು ತಪ್ಪು. ಯಾಕೆ ತಪ್ಪು ಅಂತ ಆವಾಗ ನಮಗೂ ಗೊತ್ತಿರಲಿಲ್ಲ. ನಾವು ಬಾಯಲ್ಲಿ ಒಂದು ಹೇಳ್ತಿದ್ದೆವು, ಕೈ ರೂಢಿಯಿಂದ ಇನ್ನೊಂದು ಮಾಡ್ತಿತ್ತು. ಅವನು ಪಾಪ, ಹೇಳಿದ್ದನ್ನೇ ಮಾಡಿದ.

ಪ್ರತಿ ಸಲ ಅವನೇ ಸೋತ, ಅವನೇ ದುಡ್ಡು ಕೊಟ್ಟ. ನಾವು ನಗ್ತಿದ್ದೆವು. ಆಮೇಲೆ ಅವನು ಸಂಜೆ ಆದ್ರೆ ಸಾಕು, "ಬಸ್ ಹೊಂಟೈತಿ, ನಾ ಬರ್ತೀನಿ" ಅಂತ ಹೊರಡೋಕೆ ಶುರು ಮಾಡಿದ. ಮುಂಡರಗಿ ಬಸ್ ಆಮೇಲೂ ಇರುತ್ತೆ ಅಂತ ನಮಗೆ ಗೊತ್ತಿತ್ತು. ಅವನ ಹತ್ತಿರ ಬಾಡಿಗೆಗೆ ದುಡ್ಡಿಲ್ಲ, ಅದನ್ನ ಹೇಳೋಕೆ ಆಗ್ತಿಲ್ಲ ಅನ್ನೋದು ಹೊಳೆಯೋಕೆ ನಮಗೆ ಒಂದು ತಿಂಗಳು ಬೇಕಾಯ್ತು. ಕ್ಲಾಸಿನಲ್ಲೂ ಅವನು ಬೇರೆ ಬೆಂಚಿಗೆ ಹೋಗಿದ್ದ.

ಕೇರಂ ಬೋರ್ಡಿನ ಮುಂದೆ

ನಮಗೆ ಬುದ್ಧಿ ಬಂದದ್ದು ಕಾಲೇಜಿನ ಕ್ರೀಡಾ ಕೋಣೆಯಲ್ಲಿ. ಅಲ್ಲಿ ಕೇರಂ ಬೋರ್ಡ್ ಇದೆ. ಒಂದು ಮಳೆ ದಿನ ನಾಲ್ಕೂ ಜನ ಅಲ್ಲೇ ಸಿಕ್ಕಿದೆವು. ಮುಂಡರಗಿ ಕೇರಂನಲ್ಲಿ ಹುಲಿ. ಎಂಥ ಓರೆ ಕಾಯಿ ಇದ್ದರೂ ಪಾಕೆಟ್‌ಗೆ ಹಾಕ್ತಾನೆ. ಶಿರಹಟ್ಟಿ ಅವನನ್ನ ಕೇಳಿದಳು, "ನೀನು ಕಾಯಿಯ ಯಾವ ಬಿಂದು ನೋಡ್ತೀಯ?"

ಅವನು ಹೇಳಿದ, "ನಾ ಕಾಯಿ ಎಲ್ಲಿ ನೋಡ್ತೀನಿ? ಸ್ಟ್ರೈಕರ್ ಹೋಗಿ ಕಾಯಿ ಮುಟ್ಟಿದಾಗ ಎಲ್ಲಿ ನಿಂದ್ರತೈತಿ, ಆ ಖಾಲಿ ಜಾಗಾ ನೋಡ್ತೀನಿ."

ಶಿರಹಟ್ಟಿ ತಕ್ಷಣ ನೋಟ್‌ಬುಕ್ ತೆಗೆದು ಎರಡು ವೃತ್ತ ಬರೆದಳು. ಹತ್ತು ನಿಮಿಷದಲ್ಲಿ ಗೊತ್ತಾಯ್ತು, ಅವನು ಹೇಳಿದ್ದೇ ಸರಿ, ನಾವು ಕಲಿಸಿದ್ದೇ ತಪ್ಪು. ಇಂಗ್ಲಿಷ್ ವಿಡಿಯೋಗಳಲ್ಲಿ ಇದಕ್ಕೆ "ಘೋಸ್ಟ್ ಬಾಲ್" ಅಂತಾರೆ. ಆ ಪದ ನಾವು ನೂರು ಸಲ ಕೇಳಿದ್ದೆವು, ಆದ್ರೆ ಕನ್ನಡದಲ್ಲಿ ಒಬ್ಬನಿಗೆ ವಿವರಿಸೋಕೆ ಹೋದಾಗ ತಪ್ಪು ಹೇಳಿದೆವು. ಅಂದ್ರೆ ನಮಗೆ ಪದ ಗೊತ್ತಿತ್ತು, ವಿಷಯ ಗೊತ್ತಿರಲಿಲ್ಲ. ಈಗ ನಾವು ಅದಕ್ಕೆ "ಇಲ್ಲದ ಚೆಂಡು" ಅಂತೀವಿ. ಹೆಸರು ಇಟ್ಟಿದ್ದು ಮುಂಡರಗಿ.

ಪಾಠ 1: ಇಲ್ಲದ ಚೆಂಡನ್ನು ಹುಡುಕುವುದು

ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ಬಿಳಿ ಚೆಂಡು ಬಣ್ಣದ ಚೆಂಡನ್ನು ಮುಟ್ಟಿದ ಕ್ಷಣದಲ್ಲಿ ಎರಡರ ಕೇಂದ್ರಗಳ ನಡುವೆ ಸರಿಯಾಗಿ ಒಂದು ವ್ಯಾಸದಷ್ಟು ದೂರ ಇರುತ್ತೆ. ಬಣ್ಣದ ಚೆಂಡು ಹೋಗೋದು ಈ ಎರಡು ಕೇಂದ್ರ ಸೇರಿಸುವ ಗೆರೆಯ ದಿಕ್ಕಿನಲ್ಲಿ. ಹಾಗಾಗಿ:

1. ಬಣ್ಣದ ಚೆಂಡಿನ ಹಿಂದೆ ಹೋಗಿ ನಿಂತು ಪಾಕೆಟ್ ಕಡೆ ನೋಡಿ. ಪಾಕೆಟ್ ನಡುವಿನಿಂದ ಚೆಂಡಿನ ನಡುವಿಗೆ ಮನಸ್ಸಿನಲ್ಲಿ ಗೆರೆ ಎಳೆದು, ಅದನ್ನ ನಿಮ್ಮ ಕಡೆಗೆ ಮುಂದುವರಿಸಿ.

2. ಆ ಗೆರೆಯ ಮೇಲೆ, ಬಣ್ಣದ ಚೆಂಡಿಗೆ ತಾಗಿದ ಹಾಗೆ ಇನ್ನೊಂದು ಚೆಂಡು ಇದೆ ಅಂತ ಊಹಿಸಿ. ಅದೇ ಇಲ್ಲದ ಚೆಂಡು.

3. ಅದರ ನಡು ಬಟ್ಟೆಯ ಮೇಲೆ ಎಲ್ಲಿ ಕೂರುತ್ತೆ ನೋಡಿ. ಬಣ್ಣದ ಚೆಂಡಿನ ಹಿಂದಿನ ಅಂಚಿನಿಂದ ಅರ್ಧ ಚೆಂಡಿನಷ್ಟು, ಅಂದ್ರೆ ಸುಮಾರು 2.9 ಸೆಂ.ಮೀ. ಹಿಂದೆ.

4. ಆ ಜಾಗದ ಮೇಲಿಂದ ಕಣ್ಣು ತೆಗೆಯದೆ ಬಿಳಿ ಚೆಂಡಿನ ಹಿಂದೆ ಬನ್ನಿ. ನಿಂತಿರುವಾಗಲೇ ಗೆರೆ ಹಿಡಿಯಿರಿ, ಆಮೇಲೆ ಬಗ್ಗಿ. ಬಗ್ಗಿದ ಮೇಲೆ ಗುರಿ ಬದಲಾಯಿಸಬೇಡಿ. ಅನುಮಾನ ಬಂದರೆ ಎದ್ದು ನಿಂತು ಮತ್ತೆ ಶುರು ಮಾಡಿ.

5. ಬಿಳಿ ಚೆಂಡಿನ ಕೇಂದ್ರ ಆ ಖಾಲಿ ಜಾಗಕ್ಕೆ ಹೋಗುವ ಹಾಗೆ ಹೊಡೆಯಿರಿ.

ನಾವು ಮೊದಲು ಹೇಳಿದ "ಹಿಂದಿನ ಬಿಂದು" ಯಾಕೆ ತಪ್ಪು? ಬಿಳಿ ಚೆಂಡು ಬರೀ ಬಿಂದು ಅಲ್ಲ, ಅದಕ್ಕೂ ದಪ್ಪ ಇದೆ. ಅದರ ಕೇಂದ್ರ ಆ ಬಿಂದುವಿಗೆ ತಲುಪುವ ಮೊದಲೇ ಅದರ ಹೊಟ್ಟೆ ಬೇರೆ ಕಡೆ ತಾಗಿಬಿಡುತ್ತೆ. ಲೆಕ್ಕ ಹಾಕಿದರೆ, ಚೆಂಡನ್ನು 30 ಡಿಗ್ರಿ ತಿರುಗಿಸಬೇಕಾದ ಕಡೆ ಬರೀ 14.5 ಡಿಗ್ರಿ ತಿರುಗುತ್ತೆ. ಪಾಕೆಟ್ 60 ಸೆಂ.ಮೀ. ದೂರ ಇದ್ದರೆ ಚೆಂಡು 16 ಸೆಂ.ಮೀ.ಗೂ ಹೆಚ್ಚು ಆಚೆ ಹೋಗುತ್ತೆ. ಮುಂಡರಗಿ ಒಂದು ತಿಂಗಳು ಬಾಡಿಗೆ ಕೊಟ್ಟಿದ್ದು ಈ 16 ಸೆಂ.ಮೀ.ಗೆ.

ನೇರ ಹೊಡೆತದಲ್ಲಿ ಮಾತ್ರ ಎರಡೂ ವಿಧಾನ ಒಂದೇ ಆಗುತ್ತೆ. ಅದಕ್ಕೇ ಕೆಲವು ಚೆಂಡು ಬೀಳ್ತಿದ್ದವು, ಅದಕ್ಕೇ ನಮಗೆ ತಪ್ಪು ಕಾಣಲಿಲ್ಲ.

ಪಾಠ 2: ಎಷ್ಟು ಭಾಗ ಮುಚ್ಚಬೇಕು

ಇಲ್ಲದ ಚೆಂಡನ್ನು ಊಹಿಸೋದು ಕಷ್ಟ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬಿಳಿ ಚೆಂಡಿನ ಹಿಂದೆ ನಿಂತು ನೋಡಿದಾಗ, ಮುಟ್ಟುವ ಕ್ಷಣದಲ್ಲಿ ಬಿಳಿ ಚೆಂಡು ಬಣ್ಣದ ಚೆಂಡಿನ ಎಷ್ಟು ಭಾಗವನ್ನು ಮುಚ್ಚುತ್ತೆ ಅಂತ ಯೋಚಿಸಿ.

ಪೂರ್ತಿ ಮುಚ್ಚಿದರೆ 0 ಡಿಗ್ರಿ, ನೇರ ಹೊಡೆತ.
3/4 ಭಾಗ ಮುಚ್ಚಿದರೆ ಸುಮಾರು 14.5 ಡಿಗ್ರಿ.
ಅರ್ಧ ಮುಚ್ಚಿದರೆ 30 ಡಿಗ್ರಿ.
1/4 ಭಾಗ ಮುಚ್ಚಿದರೆ ಸುಮಾರು 48.6 ಡಿಗ್ರಿ.

ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮುಚ್ಚದೇ ಉಳಿದ ಭಾಗವೇ ಆ ಕೋನದ ಸೈನ್. ಅರ್ಧ ಉಳಿದರೆ ಸೈನ್ 0.5, ಕೋನ 30. ಅಷ್ಟೇ.

ಇವುಗಳಲ್ಲಿ ಮೊದಲು ಕಲಿಯಬೇಕಾದದ್ದು ಅರ್ಧ ಚೆಂಡಿನ ಹೊಡೆತ. ಯಾಕಂದ್ರೆ ಅದಕ್ಕೆ ಗುರಿ ಇಡೋದು ಸುಲಭ: ಬಿಳಿ ಚೆಂಡಿನ ಕೇಂದ್ರದಿಂದ ಬಣ್ಣದ ಚೆಂಡಿನ ಅಂಚಿಗೆ ನೇರ ಗೆರೆ. ಅಂಚು ಕಣ್ಣಿಗೆ ಕಾಣುತ್ತೆ, ಊಹಿಸಬೇಕಾಗಿಲ್ಲ. ಮೂರೇ ಚೆಂಡುಗಳಿಂದ ಆಡುವ ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲೂ ಈ ಅರ್ಧ ಚೆಂಡಿನ ಹೊಡೆತವೇ ಬುನಾದಿ.

ಇಲ್ಲಿ ಕೇರಂ ಆಡುವವರಿಗೆ ಒಂದು ಎಚ್ಚರಿಕೆ. ಪೂಲ್‌ನಲ್ಲಿ ಎರಡೂ ಚೆಂಡು ಒಂದೇ ಗಾತ್ರ, ಒಂದೇ ತೂಕ. ಕೇರಂನಲ್ಲಿ ಹಾಗಲ್ಲ. ಸ್ಟ್ರೈಕರ್ ವ್ಯಾಸ 4.13 ಸೆಂ.ಮೀ.ವರೆಗೆ, ಕಾಯಿಯದ್ದು 3.18 ಸೆಂ.ಮೀ.ವರೆಗೆ ಇರಬಹುದು. ಸ್ಟ್ರೈಕರ್ ಕೇಂದ್ರವನ್ನು ಕಾಯಿಯ ಅಂಚಿಗೆ ಗುರಿ ಇಟ್ಟರೆ ಕಾಯಿ ತಿರುಗೋದು ಸುಮಾರು 26 ಡಿಗ್ರಿ, ಪೂಲ್‌ನಲ್ಲಿ ಅದೇ ಗುರಿಗೆ 30. ನಾಲ್ಕು ಡಿಗ್ರಿ ಸಣ್ಣದು ಅನಿಸಬಹುದು. 60 ಸೆಂ.ಮೀ. ದೂರದಲ್ಲಿ ಅದು 4 ಸೆಂ.ಮೀ.ಗೂ ಹೆಚ್ಚು. ಪೂಲ್ ಮೇಜಿನ ಮೂಲೆ ಪಾಕೆಟ್ ಬಾಯಿ ಸುಮಾರು 11.5 ಸೆಂ.ಮೀ., ಅದರಲ್ಲಿ ಚೆಂಡೇ 5.7 ಸೆಂ.ಮೀ. ಅಂದ್ರೆ ಎರಡೂ ಕಡೆ ಉಳಿಯೋದು ಮೂರು ಸೆಂ.ಮೀ.ಗೂ ಕಡಿಮೆ. ಕೇರಂ ಕೈ ಇರುವವರು ಪೂಲ್‌ಗೆ ಬಂದಾಗ ಮೊದಮೊದಲು ತಪ್ಪೋಕೆ ಇದೂ ಒಂದು ಕಾರಣ ಅಂತ ನಮ್ಮ ಲೆಕ್ಕ.

ಇನ್ನೊಂದು ವ್ಯತ್ಯಾಸ ತೂಕದ್ದು. ಸ್ಟ್ರೈಕರ್ 15 ಗ್ರಾಂವರೆಗೆ, ಕಾಯಿ 5ರಿಂದ 5.5 ಗ್ರಾಂ. ನೇರ ಹೊಡೆದರೆ ಸ್ಟ್ರೈಕರ್ ಸುಮಾರು ಅರ್ಧ ವೇಗ ಉಳಿಸಿಕೊಂಡು ಕಾಯಿಯ ಹಿಂದೆಯೇ ಹೋಗುತ್ತೆ. ಪೂಲ್‌ನಲ್ಲಿ ಬಿಳಿ ಚೆಂಡು ಉರುಳದೆ ಜಾರುತ್ತಾ ಬಂದು ನೇರ ತಾಗಿದರೆ ಅಲ್ಲೇ ನಿಂತುಬಿಡುತ್ತೆ, ವೇಗ ಎಲ್ಲ ಬಣ್ಣದ ಚೆಂಡಿಗೆ ಹೋಗುತ್ತೆ. ಮುಂಡರಗಿ ಇದನ್ನ ಮೊದಲ ಸಲ ನೋಡಿದಾಗ, "ಇದೇನಲೇ, ಬ್ರೇಕ್ ಹಾಕಿದಂಗ ನಿಂತತಲ್ಲ" ಅಂದ. ಮೊಮೆಂಟಮ್ ಕನ್ಸರ್ವೇಶನ್ ಅಂತ ನಾವು ಪರೀಕ್ಷೆಯಲ್ಲಿ ಬರೆದಿದ್ದು ಇದೇ.

ಪಾಠ 3: ಗುರಿ ಸರಿ ಇದ್ದರೂ ಚೆಂಡು ಯಾಕೆ ಬೀಳೋದಿಲ್ಲ

ಇದು ನಮಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ಪಾಠ. ಬಿಳಿ ಚೆಂಡು ಮತ್ತು ಬಣ್ಣದ ಚೆಂಡಿನ ನಡುವೆ 1 ಮೀಟರ್ ದೂರ ಇದೆ, ಹೊಡೆತ ನೇರ ಅಂತ ಇಟ್ಟುಕೊಳ್ಳಿ. ನೀವು ಬರೀ 1 ಡಿಗ್ರಿ ತಪ್ಪಿದಿರಿ. 1 ಮೀಟರ್ ದೂರದಲ್ಲಿ 1 ಡಿಗ್ರಿ ಅಂದ್ರೆ ಸುಮಾರು 17.5 ಮಿ.ಮೀ. ಪಕ್ಕಕ್ಕೆ. ಇದನ್ನು ಚೆಂಡಿನ ವ್ಯಾಸ 57.15ರಿಂದ ಭಾಗಿಸಿದರೆ 0.305. ಅದು ಸುಮಾರು 17.8 ಡಿಗ್ರಿಯ ಸೈನ್. ಅದರಿಂದ ನಿಮ್ಮ 1 ಡಿಗ್ರಿ ಕಳೆದರೆ, ಬಣ್ಣದ ಚೆಂಡು ಸುಮಾರು 17 ಡಿಗ್ರಿ ಬೇರೆ ದಿಕ್ಕಿಗೆ ಹೋಗುತ್ತೆ.

ಒಂದು ಡಿಗ್ರಿ ತಪ್ಪು ಹದಿನೇಳು ಡಿಗ್ರಿ ಆಗುತ್ತೆ! ದೂರ ಅರ್ಧ ಆದರೆ ಈ ಹೆಚ್ಚಳವೂ ಅರ್ಧಕ್ಕಿಂತ ಕಡಿಮೆ ಆಗುತ್ತೆ. ತುಂಬಾ ಓರೆ ಹೊಡೆತದಲ್ಲಿ ಇನ್ನೂ ಜಾಸ್ತಿ, 60 ಡಿಗ್ರಿಯಲ್ಲಿ ಸುಮಾರು ಎರಡು ಪಟ್ಟು. ಸ್ನೂಕರ್ ಮೇಜು ಪೂಲ್‌ಗಿಂತ ದೊಡ್ಡದು, ಆಡುವ ಜಾಗ ಸುಮಾರು 3.57 ಮೀಟರ್ ಉದ್ದ, 1.78 ಮೀಟರ್ ಅಗಲ. ಚೆಂಡು ಮಾತ್ರ ಚಿಕ್ಕದು, 52.5 ಮಿ.ಮೀ. ಅಲ್ಲಿ ಆಡುವವರ ಕೈ ಎಷ್ಟು ಸ್ಥಿರ ಇರಬೇಕು ಯೋಚಿಸಿ.

ಹಾಗಾಗಿ ಚೆಂಡು ತಪ್ಪಿದರೆ "ನನಗೆ ಗುರಿ ಬರೋದಿಲ್ಲ" ಅಂದುಕೊಳ್ಳಬೇಡಿ. ಬಹಳ ಸಲ ಗುರಿ ಸರಿ ಇರುತ್ತೆ, ಕೋಲು ಸೊಟ್ಟ ಹೋಗಿರುತ್ತೆ. ಬೆಟಗೇರಿ ಇದಕ್ಕೆ ತನ್ನ ಓಣಿಯ ಮಗ್ಗದ ಉದಾಹರಣೆ ಕೊಟ್ಟ. ಲಾಳಿ ಹೇಗೆ ಒಂದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತೋ, ಕೋಲೂ ಹಾಗೇ ಬರಬೇಕು. ಲಾಳಿ ಸ್ವಲ್ಪ ಓರೆ ಆದರೂ ನೂಲು ಹರಿಯುತ್ತೆ.

ಇದಕ್ಕೆ ನಾವು ಮಾಡಿಕೊಂಡ ಮೂರು ಸೂತ್ರಗಳು: ತಲೆ ಅಲುಗಾಡಿಸಬಾರದು, ಮೊಣಕೈಯಿಂದ ಕೆಳಗಿನ ಭಾಗ ಮಾತ್ರ ಆಡಬೇಕು, ಚೆಂಡು ಹೋದ ಮೇಲೂ ಎರಡು ಸೆಕೆಂಡ್ ಬಗ್ಗಿಯೇ ಇರಬೇಕು. ಲಕ್ಷ್ಮೇಶ್ವರಗೆ ಮೂರನೆಯದ್ದು ಬಹಳ ಕಷ್ಟ. ಹೊಡೆಯೋ ಮೊದಲೇ ಎದ್ದು ನಿಂತು ಬಿದ್ದಿತಾ ಅಂತ ನೋಡ್ತಾನೆ.

ಕಣ್ಣಿನ ವಿಷಯವೂ ಇದೆ. ನಮಗೆಲ್ಲ ಒಂದು ಕಣ್ಣು ಮುಂದಾಳು ಇರುತ್ತೆ. ಕೈ ಚಾಚಿ ಹೆಬ್ಬೆರಳನ್ನು ದೂರದ ಕಂಬಕ್ಕೆ ಹೊಂದಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ತೆರೆದಾಗ ಹೆಬ್ಬೆರಳು ಜಾಗ ಬಿಡುವುದಿಲ್ಲವೋ ಅದು ನಿಮ್ಮ ಮುಂದಾಳು ಕಣ್ಣು. ಬಗ್ಗಿದಾಗ ಕೋಲು ಗದ್ದದ ಸರಿ ನಡುವೆ ಬೇಕೋ, ಆ ಕಣ್ಣಿನ ಕಡೆ ಸ್ವಲ್ಪ ಸರಿಯಬೇಕೋ ಅಂತ ನೇರ ಹೊಡೆತದಲ್ಲಿ ಪರೀಕ್ಷಿಸಿ ನೋಡಿ. ಎಲ್ಲರಿಗೂ ಒಂದೇ ಉತ್ತರ ಇಲ್ಲ.

ಪಾಠ 4: ಜ್ಯಾಮಿತಿ ಹೇಳದ ಒಂದು ಮಾತು

ಮೇಲಿನ ಲೆಕ್ಕದಲ್ಲಿ ಘರ್ಷಣೆ ಬಿಟ್ಟಿದ್ದೇವೆ. ನಿಜವಾದ ಚೆಂಡುಗಳು ತಾಗಿದಾಗ ಬಿಳಿ ಚೆಂಡು ಬಣ್ಣದ ಚೆಂಡನ್ನು ತನ್ನ ದಾರಿಯ ಕಡೆಗೆ ಸ್ವಲ್ಪ ಎಳೆಯುತ್ತೆ. ಅದರಿಂದ ಚೆಂಡು ಲೆಕ್ಕಕ್ಕಿಂತ ಕೆಲವು ಡಿಗ್ರಿ ಕಡಿಮೆ ತಿರುಗುತ್ತೆ. ಮೆಲ್ಲಗೆ ಹೊಡೆದಾಗ, ಅರ್ಧ ಚೆಂಡಿನ ಆಸುಪಾಸಿನ ಹೊಡೆತದಲ್ಲಿ, ಚೆಂಡು ಕೊಳೆಯಾಗಿದ್ದಾಗ ಇದು ಹೆಚ್ಚು. ಹಾಗಾಗಿ ಮೆಲ್ಲನೆಯ ಓರೆ ಹೊಡೆತಕ್ಕೆ ಒಂದು ಕೂದಲಿನಷ್ಟು ತೆಳ್ಳಗೆ ಗುರಿ ಇಡಿ.

ಚೆಂಡಿನ ಈ ಚಲನೆಗಳ ಬಗ್ಗೆ ಮೊದಲ ದೊಡ್ಡ ಗಣಿತ ಪುಸ್ತಕ ಬರೆದವರು ಫ್ರಾನ್ಸಿನ ಕೊರಿಯೋಲಿಸ್, 1835ರಲ್ಲಿ. ಹೌದು, ಮೆಕ್ಯಾನಿಕಲ್ ಗೆಳೆಯರು ಬೈದುಕೊಂಡು ಓದುವ ಅದೇ ಕೊರಿಯೋಲಿಸ್.

ಅಭ್ಯಾಸ ಹೇಗೆ

ಒಂದು ಗಂಟೆ ಸಿಕ್ಕರೆ ನಾವು ಹೀಗೆ ಹಂಚಿಕೊಳ್ಳುತ್ತೇವೆ.

ಮೊದಲ 10 ನಿಮಿಷ ಬರೀ ಬಿಳಿ ಚೆಂಡು. ಮೇಜಿನ ಉದ್ದಕ್ಕೆ ನೇರ ಹೊಡೆಯಿರಿ, ಎದುರಿನ ಅಂಚಿಗೆ ಬಡಿದು ವಾಪಸ್ ಕೋಲಿನ ತುದಿಗೇ ಬರಬೇಕು. ಪಕ್ಕಕ್ಕೆ ಹೋದರೆ ನೀವು ಚೆಂಡಿನ ನಡುವಿಗೆ ಹೊಡೆದಿಲ್ಲ ಅಥವಾ ಕೋಲು ನೇರ ಹೋಗಿಲ್ಲ ಅಂತ ಅರ್ಥ.

ಮುಂದಿನ 20 ನಿಮಿಷ ಇಲ್ಲದ ಚೆಂಡು. ಬಣ್ಣದ ಚೆಂಡಿನ ಹಿಂದೆ ನಿಜವಾಗಿಯೇ ಇನ್ನೊಂದು ಚೆಂಡು ತಾಗಿಸಿ ಇಡಿ. ಬಿಳಿ ಚೆಂಡಿನ ಹಿಂದಿನಿಂದ ಅದನ್ನು ಚೆನ್ನಾಗಿ ನೋಡಿ. ಒಬ್ಬರು ಆ ಚೆಂಡು ತೆಗೆಯಲಿ, ನೀವು ಆ ಜಾಗಕ್ಕೆ ಹೊಡೆಯಿರಿ. 10 ಹೊಡೆತದಲ್ಲಿ ಎಷ್ಟು ಬಿದ್ದವು ಬರೆದಿಡಿ. ತಪ್ಪಿದ್ದು ದಪ್ಪ ತಾಗಿಯೋ ತೆಳ್ಳಗೆ ತಾಗಿಯೋ ಅದನ್ನೂ ಬರೆಯಿರಿ. ಒಂದೇ ಕಡೆ ತಪ್ಪುತ್ತಿದ್ದರೆ ಗುರಿ ತಪ್ಪು, ಎರಡೂ ಕಡೆ ತಪ್ಪುತ್ತಿದ್ದರೆ ಕೈ ತಪ್ಪು.

ಉಳಿದ ಅರ್ಧ ಗಂಟೆ ಆಟ.

ಮೇಜು ಸಿಗದವರು ಕೇರಂ ಬೋರ್ಡಿನ ಮೇಲೂ ಖಾಲಿ ಜಾಗ ನೋಡುವ ಅಭ್ಯಾಸ ಮಾಡಬಹುದು. ಕೋನ ಸ್ವಲ್ಪ ಬೇರೆ, ಕಣ್ಣಿನ ಕೆಲಸ ಒಂದೇ.

ಈ ಆಟ ಯಾರದ್ದು

ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ಮೆಸ್‌ನಲ್ಲಿ ಅಂತ ಹೇಳುತ್ತಾರೆ. ಆಮೇಲೆ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ಗಟ್ಟಿಯಾದವು. ಹೀಗೆ ಸಾಹೇಬರ ಕ್ಲಬ್ಬುಗಳಿಂದ ಬಂದ ಆಟ ಆದ್ದರಿಂದ ಪದಗಳೆಲ್ಲ ಇಂಗ್ಲಿಷ್. ಆದರೆ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ, ಅರವಿಂದ್ ಸವೂರ್ ಅವರ ಹತ್ತಿರ ಕಲಿತು, 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರಿಗೆ 18 ವರ್ಷ. ನಮಗಿಂತ ಒಂದು ವರ್ಷ ಚಿಕ್ಕವರು.

ಶಿರಹಟ್ಟಿಗೆ ಇಷ್ಟವಾದ ಕಥೆ ಬೇರೆ, ಆರ್. ಉಮಾದೇವಿ ಅವರದ್ದು. ರಾಜ್ಯದ ತೋಟಗಾರಿಕೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬಿಲಿಯರ್ಡ್ಸ್ ಆಡಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಈ ಲೇಖನದ ಲೆಕ್ಕ ಎಲ್ಲ ಶಿರಹಟ್ಟಿಯದ್ದು, ಆದರೆ ಅವಳು ಇವತ್ತಿನವರೆಗೂ ಪೂಲ್ ಕೋಲು ಹಿಡಿದಿಲ್ಲ. ಪಾರ್ಲರಿಗೆ ಹೋಗೋದು ಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ಅಲ್ಲಿಯ ವಾತಾವರಣ ನೋಡಿದ ನಮಗೆ ಅವರ ಮಾತು ಪೂರ್ತಿ ತಪ್ಪು ಅಂತ ಹೇಳೋಕೆ ಆಗೋದಿಲ್ಲ. ಕ್ರೀಡಾ ಕೋಣೆಯಲ್ಲಿ ಕೇರಂ ಪಕ್ಕ ಒಂದು ಹಳೇ ಪೂಲ್ ಮೇಜು ಹಾಕೋಕೆ ಜಾಗ ಇದೆ. ನಾವು ಅಳತೆ ಮಾಡಿದ್ದೇವೆ. ಕೋಲು ಹಿಂದಕ್ಕೆ ಎಳೆಯೋಕೆ ಸುತ್ತ ಒಂದೂವರೆ ಮೀಟರ್ ಬಿಟ್ಟರೂ ಹಿಡಿಸುತ್ತೆ. ಇದನ್ನ ಓದುವ ಹಿರಿಯರು ದಯವಿಟ್ಟು ಯೋಚಿಸಿ.

ಕೊನೆಯ ಮಾತು

ಮುಂಡರಗಿಯ ಹತ್ತಿರ ನಾವು ಹೋಗಿ, "ನಾವು ತಪ್ಪು ಹೇಳಿಕೊಟ್ಟಿದ್ವಿ, ನೀನು ಹೇಳಿದ್ದೇ ಸರಿ" ಅಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಬಾಡಿಗಿ ವಾಪಸ್ ಕೊಡ್ರಿ" ಅಂದ. ನಗುತ್ತಲೇ ಅಂದಿದ್ದು, ಆದ್ರೆ ನಾವು ಕೊಟ್ಟೆವು. ಈಗ ನಿಯಮ ಬದಲಾಗಿದೆ: ಯಾರೇ ಸೋಲಲಿ, ಬಾಡಿಗೆ ಸಮಪಾಲು, ಮತ್ತು ವಾರಕ್ಕೆ ಒಂದೇ ಗಂಟೆ. ಕಲಿಯುವವನು ಹೇಗೂ ಸೋಲುತ್ತಾನೆ. ಸೋತವನೇ ದುಡ್ಡು ಕೊಡಬೇಕು ಅಂದ್ರೆ ಅವನು ಕಲಿಯೋ ಮೊದಲೇ ಬಿಟ್ಟು ಹೋಗುತ್ತಾನೆ.

ಅವನು ಈಗ ನಮ್ಮ ಬೆಂಚಿಗೆ ವಾಪಸ್ ಬಂದಿದ್ದಾನೆ. ಹೋದ ವಾರ 10ರಲ್ಲಿ 7 ಅರ್ಧ ಚೆಂಡಿನ ಹೊಡೆತ ಹಾಕಿದ. ನಾವು 5ರ ಮೇಲೆ ಹೋಗಿಲ್ಲ.

ಪ್ರಶ್ನೆಗಳಿದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಕೇರಂ ಬೋರ್ಡಿನ ಹತ್ತಿರ ಬನ್ನಿ, ನಾಲ್ವರೂ ಅಲ್ಲೇ ಇರ್ತೀವಿ.